ಮೂರನೇ ಸುತ್ತಿನಲ್ಲಿ ಒಬ್ಬ

ಭಾಲ್ಕಿ
೮ ಜನವರಿ ೨೦೨೪

ಚಿ. ಸಪನಾಗೆ ಮನ್ಮಥಪ್ಪ ಮಾಸ್ತರನ ಶರಣು ಶರಣಾರ್ಥಿ.

ಅಕ್ಷರ ನೋಡಿದ ಕೂಡಲೆ ಗುರುತು ಹಿಡಿದಿರುತ್ತಿ. ಒಂಬತ್ತನೇ ಇಯತ್ತೆಯಲ್ಲಿ ನಿನ್ನ ಪೇಪರಿನ ಮೇಲೆ ಕೆಂಪು ಮಸಿಯಲ್ಲಿ ಓಡಾಡಿದ ಅಕ್ಷರವೇ ಇದು. ಈಗ ಸ್ವಲ್ಪ ಕುಂಟುತ್ತದೆ, ಅಷ್ಟೆ. ನೀನು ಔರಾದಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ ಆಗಿದ್ದಿ ಎಂದು ಕೇಳಿದಾಗ ಮನೆಯವಳಿಗೆ ಹೇಳಿದೆ, "ಹಳ್ಳಿ ಸಾಲಿ ಮಾಸ್ತರ ಅಂತ ನಗ್ತಿದ್ದಿ, ನೋಡು, ನನ್ನ ಹುಡುಗಿ ಕಾಲೇಜಿನಾಗ ಕುಂತಾಳ." ಅವಳು, "ಕುಂತಾಕಿ ಆಕಿ, ಮೀಸಿ ನೀವ್ಯಾಕ ತಿರವ್ತೀರಿ," ಅಂದಳು.

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನನ್ನ ಎಡಗಿವಿ ಪೂರಾ ಹೋಗಿದೆ, ಬಲಗಿವಿ ಮನೆಯವಳ ಬೈಗುಳಕ್ಕೆ ಮೀಸಲು. ಅದಲ್ಲದೆ ಈ ಕೆಲಸಕ್ಕೆ ನಿನ್ನ ಕೈಬರಹವೇ ಬೇಕು.

ಬರುವ ಮೇ ತಿಂಗಳ ಕೊನೆಗೆ ನನಗೆ ನಿವೃತ್ತಿ. ನಮ್ಮೂರ ಹೈಸ್ಕೂಲಿನ ಹಳೆಯ ಹುಡುಗರೆಲ್ಲ ಸೇರಿ ಸನ್ಮಾನ ಮಾಡುತ್ತಾರಂತೆ. ಪಾಟೀಲರ ಶಿವಕಾಂತ ಸಮಿತಿಯ ಅಧ್ಯಕ್ಷ. ನಿನ್ನ ಕ್ಲಾಸಿನವನೇ, ಈಗ ಇಲ್ಲಿ ತೊಗರಿಯ ದೊಡ್ಡ ವ್ಯಾಪಾರಿ. ಶಾಲು, ಹಾರ ಬೇಡ, ನನ್ನ ಪಾಠಗಳನ್ನು ಒಂದು ಪುಸ್ತಕ ಮಾಡಿ ಜಿಲ್ಲೆಯ ವಿಜ್ಞಾನ ಮಾಸ್ತರರಿಗೆ ಹಂಚಿರಿ ಎಂದೆ. ಒಪ್ಪಿದ್ದಾರೆ. ಮೊದಲನೇ ಪಾಠ ಯಾವುದು ಹೇಳು ನೋಡೋಣ? ‘ನಮ್ಮೂರೇ ಪರಮಾಣು’.

ನನ್ನ ಕೈಯಲ್ಲಿ ಕಲಿತವರಲ್ಲಿ ಕೆಮಿಸ್ಟ್ರಿಯಿಂದಲೇ ಅನ್ನ ಉಣ್ಣುವವಳು ನೀನೊಬ್ಬಳು. ಆ ಪಾಠದ ಬಗ್ಗೆ ನೀನು ಒಂದು ಪುಟ ಬರೆದುಕೊಟ್ಟರೆ ಪುಸ್ತಕಕ್ಕೆ ತೂಕ ಬರುತ್ತದೆ. ಅವಸರವಿಲ್ಲ, ಆದರೆ ತಡ ಮಾಡಬೇಡ.

ನಿನ್ನ ಮಾಸ್ತರ
ಮನ್ಮಥಪ್ಪ


ಔರಾದ
೨೪ ಜನವರಿ ೨೦೨೪

ಪೂಜ್ಯ ಗುರುಗಳಾದ ಮನ್ಮಥಪ್ಪ ಸರ್ ಅವರಿಗೆ ನಿಮ್ಮ ವಿದ್ಯಾರ್ಥಿನಿ ಸಪನಾಳ ನಮಸ್ಕಾರಗಳು.

ನಿಮ್ಮ ಪತ್ರ ಬಂದ ದಿನವೇ ಅವ್ವನಿಗೆ ಓದಿ ಹೇಳಿದೆ. ಅವ್ವ ಭಾಗೀರಥಿಬಾಯಿ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಹತ್ತನೇ ಇಯತ್ತೆ ಮುಗಿದಾಗ ನನ್ನನ್ನು ಸೈನ್ಸಿಗೆ ಹಾಕಬೇಕೆಂದು ಹೇಳಲು ನೀವು ಮಳೆಯಲ್ಲಿ ಹಳ್ಳ ದಾಟಿ ನಮ್ಮ ಕೇರಿಗೆ ಬಂದದ್ದು, ಹೊಸ್ತಿಲೊಳಗೆ ಬಂದು ಕೂತು ನಮ್ಮ ಕಪ್ಪಿನಲ್ಲೇ ಚಹಾ ಕುಡಿದದ್ದು, ಇವತ್ತಿಗೂ ಅವಳು ಬಂದವರಿಗೆಲ್ಲ ಹೇಳುತ್ತಾಳೆ. "ಮತ್ತ ಯಾವ ಮಾಸ್ತರ ಬಂದಿದ್ರು?" ಎಂದು ಕೇಳುತ್ತಾಳೆ. ಯಾರೂ ಬಂದಿರಲಿಲ್ಲ. ಅದನ್ನು ನಾನು ಮರೆಯುವವಳಲ್ಲ.

ಪುಸ್ತಕ ಬರುವುದು ಸಂತೋಷ. ಪುಟ ಬರೆಯುವ ಮೊದಲು, ವಿಷಯದ ಮಟ್ಟಿಗೆ ಒಂದೆರಡು ಮಾತು ಹೇಳಬಹುದೇ? ಊರನ್ನು ಪರಮಾಣು ಮಾಡಿದರೆ ಮಕ್ಕಳು ಎಲೆಕ್ಟ್ರಾನುಗಳಿಗೆ ಕಾಯಂ ಮನೆ ಇದೆ ಎಂದುಕೊಳ್ಳುತ್ತಾರೆ. ಹಾಗಿಲ್ಲವಲ್ಲ ಸರ್. ಒಳಗಿನ ಸುತ್ತಿನ ಎಲೆಕ್ಟ್ರಾನೂ ಹೊರಗಿನ ಸುತ್ತಿನ ಎಲೆಕ್ಟ್ರಾನೂ ಒಂದೇ ಜಾತಿಯವು. ಜಾಗ ಬದಲಾಯಿಸಿ ನಿಲ್ಲಿಸಿದರೆ ಯಾವುದು ಯಾವುದೆಂದು ಯಾರೂ ಹೇಳಲಾರರು. ಊರಿನಲ್ಲಿ ಹೇಳಬಹುದು. ಬೇರೆ ಏನಾದರೂ ಉದಾಹರಣೆ ಹುಡುಕಿದರೆ ಚೆನ್ನ.

ಅಪ್ಪ ಹೋಗಿ ಐದು ವರ್ಷವಾಯಿತು. ಅಣ್ಣ ಬೀದರದಲ್ಲಿದ್ದಾನೆ, ಆರಾಮ ಇದ್ದಾನೆ.

ನಿಮ್ಮ ವಿದ್ಯಾರ್ಥಿನಿ
ಸಪನಾ


ಭಾಲ್ಕಿ
೧ ಫೆಬ್ರವರಿ ೨೦೨೪

ಚಿ. ಸಪನಾಗೆ ಶರಣು ಶರಣಾರ್ಥಿ.

ಭಾಗೀರಥಿಬಾಯಿಯ ಚಹಾ ನನಗೂ ನೆನಪಿದೆ. ಒಂದು ಕಪ್ಪಿಗೆ ಅರ್ಧ ಕಪ್ಪು ಸಕ್ಕರೆ. ನಿಮ್ಮಪ್ಪ ನರಸಿಂಗಪ್ಪ ಹೋದ ಸುದ್ದಿ ಗೊತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಎದುರು ಮಾತಾಡಿದವನಲ್ಲ.

ನಿನ್ನ ಮಾತು ಓದಿ ನಗು ಬಂತು. ಕಾಲೇಜಿನವರ ಕಣ್ಣಿಗೆ ಹಳ್ಳಿಯ ಉದಾಹರಣೆಯಲ್ಲಿ ಕಲ್ಲು ಸಿಗುವುದು ಸಹಜ. ಬಹಳ ಓದಿದ್ದಿ, ಅದಕ್ಕೆ ಪಾಠ ಮರೆತಿದ್ದಿ. ಪುಸ್ತಕಕ್ಕೆ ಬರೆದದ್ದನ್ನೇ ಇಲ್ಲಿ ಇಳಿಸುತ್ತೇನೆ, ಓದು:

‘ಮೈದಾನದಲ್ಲಿ ಸುಣ್ಣದಿಂದ ಮೂರು ಸುತ್ತು ಎಳೆಯಿರಿ. ನಡುವೆ ಪರಮಾಣುವಿನ ಬೀಜ. ಅದೇ ಊರ ಪಾಟೀಲರ ವಾಡೆ ಮತ್ತು ಗುಡಿ. ಭಾರವೆಲ್ಲ ಅಲ್ಲೇ. ಮೊದಲ ಸುತ್ತಿನಲ್ಲಿ ಎರಡು ಎಲೆಕ್ಟ್ರಾನ್, ಅಂದರೆ ವಾಡೆಗೆ ಹತ್ತಿದ ಮನೆಯ ಇಬ್ಬರು ಹುಡುಗರು. ಎರಡನೆಯದರಲ್ಲಿ ಎಂಟು, ಊರೊಳಗಿನ ಎಂಟು ಹುಡುಗರು. ಹನ್ನೊಂದನೆಯವನಿಗೆ ಜಾಗವಿಲ್ಲ. ಅವನು ಮೂರನೇ ಸುತ್ತಿಗೆ, ಕೇರಿಯ ಕಡೆಗೆ. ಎರಡು, ಎಂಟು, ಒಂದು: ಇದು ಸೋಡಿಯಂ. ಆ ಒಬ್ಬನನ್ನು ಯಾರು ಕರೆದರೂ ಹೋಗುತ್ತಾನೆ. ಈಗ ರಾಶಿಯ, ಅಂದರೆ ದ್ರವ್ಯರಾಶಿಯ ಮಾತು. ಒಂದು ಕಡೆ ಜೋಳದ ಚೀಲ ಇಡಿರಿ, ಅದು ಪ್ರೋಟಾನ್. ಹನ್ನೊಂದನೆಯವನ ಅಂಗೈ ಮೇಲೆ ಒಂದು ಕಾಳು ಇಡಿರಿ, ಅದು ಎಲೆಕ್ಟ್ರಾನ್. "ರಾಶಿಯಲ್ಲಿ ಇದು ಲೆಕ್ಕಕ್ಕುಂಟೋ?" ಎಂದು ಶಿಕ್ಷಕರು ಕೇಳಬೇಕು. "ನಗಣ್ಯ" ಎಂದು ಮಕ್ಕಳೆಲ್ಲ ಕೂಗಬೇಕು. ಮೂರು ಸಲ ಕೂಗಿಸಿರಿ, ಜನ್ಮದಲ್ಲಿ ಮರೆಯುವುದಿಲ್ಲ.’

ಹ್ಯಾಂಗದ? ನಮ್ಮಜ್ಜಿ ಕಥೆ ಹೇಳುವಾಗ ನಡುನಡುವೆ ನಮ್ಮಿಂದ ಹೂಂ ಅನಿಸುತ್ತಿದ್ದಳು, ಆ ವಿದ್ಯೆ ಇದು. ನಿಮ್ಮ ಕ್ಲಾಸಿನಲ್ಲೇ ಮೊದಲ ಸಲ ಮಾಡಿದ್ದು. ಶಿವಕಾಂತ ಮೊದಲ ಸುತ್ತಿನಲ್ಲಿ ನಿಂತಿದ್ದನಂತೆ, ಅವನಿಗೆ ಇನ್ನೂ ನೆನಪಿದೆ. ಹನ್ನೊಂದನೆಯವನು ಯಾರೋ ತೆಳ್ಳಗಿನ ಉದ್ದನೆಯ ಹುಡುಗ, ಹೆಸರು ನನಗೆ ಹೊಳೆಯುತ್ತಿಲ್ಲ.

ನಿನ್ನ ಪುಟದ ದಾರಿ ಕಾಯುತ್ತಿದ್ದೇನೆ.

ಮನ್ಮಥಪ್ಪ


ಔರಾದ
೨೧ ಫೆಬ್ರವರಿ ೨೦೨೪

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ಪಾಠ ನಾನು ಮರೆತಿರಲಿಲ್ಲ.

ಆ ಹನ್ನೊಂದನೆಯ ಹುಡುಗ ನನ್ನ ಅಣ್ಣ ಕುಣಾಲ. ನನಗಿಂತ ಎರಡು ವರ್ಷ ದೊಡ್ಡವನು. ಸಾಲಿಗೆ ತಡವಾಗಿ ಸೇರಿದ್ದರಿಂದ ನನ್ನ ಕ್ಲಾಸಿನಲ್ಲೇ ಇದ್ದ. "ನಿಮ್ಮ ಮನಿ ಎಲ್ಲದೋ?" ಎಂದು ನೀವು ಕೇಳಿದಿರಿ. "ಹಳ್ಳದ ಆಚಿಗ್ರಿ," ಎಂದ. "ಹಂಗಾದ್ರ ನೀ ಅಲ್ಲೇ ನಿಂದ್ರು," ಎಂದಿರಿ. ಬೇಲಿಯ ಹತ್ತಿರ ಹೋಗಿ ನಿಂತ. ಹುಡುಗಿಯರನ್ನು ಸುತ್ತಿನಲ್ಲಿ ನಿಲ್ಲಿಸಲಿಲ್ಲ. ನಾವು ಮರದ ಕೆಳಗೆ ಕೂತು ಕೂಗುವವರಾಗಿದ್ದೆವು. ನಾನೂ ಕೂಗಿದೆ.

ಸರ್, ಪಾಠದಲ್ಲಿ ವಿಜ್ಞಾನದ ತಪ್ಪೂ ಇದೆ. ಸಾಪೇಕ್ಷ ರಾಶಿ ಎಂದರೆ ಒಂದರ ಎದುರು ಇನ್ನೊಂದನ್ನು ಇಟ್ಟು ನೋಡುವುದು. ಪ್ರೋಟಾನನ್ನು ಒಂದು ಎಂದು ಹಿಡಿದದ್ದಕ್ಕೆ ಎಲೆಕ್ಟ್ರಾನ್ ನಗಣ್ಯವಾಯಿತು. ಎಲೆಕ್ಟ್ರಾನನ್ನು ಒಂದು ಎಂದು ಹಿಡಿದರೆ ಅದು ಒಂದೇ. ಪ್ರೋಟಾನ್ ಸಾವಿರದ ಎಂಟುನೂರಕ್ಕೆ ಹೋಗುತ್ತದೆ. ಮತ್ತೆ, ಹನ್ನೊಂದೂ ಎಲೆಕ್ಟ್ರಾನುಗಳ ರಾಶಿ ಒಂದೇ ಸಮ. ಮೊದಲ ಸುತ್ತಿನಲ್ಲಿ ನಿಂತಿದ್ದ ಶಿವಕಾಂತನೂ ಎಲೆಕ್ಟ್ರಾನೇ. ಕಾಳನ್ನು ಮಾತ್ರ ನೀವು ನನ್ನ ಅಣ್ಣನ ಕೈಯಲ್ಲಿ ಇಟ್ಟಿರಿ.

ಈ ಪಾಠವನ್ನು ದಯವಿಟ್ಟು ಪುಸ್ತಕದಿಂದ ಬಿಡಿರಿ. ನಿಮ್ಮ ಹತ್ತಿರ ಬೇರೆ ಎಷ್ಟೋ ಒಳ್ಳೆಯ ಪಾಠಗಳಿವೆ. ಲಿಂಬೆಹಣ್ಣಿನಿಂದ ಬಲ್ಬು ಹೊತ್ತಿಸಿದ್ದರ ಬಗ್ಗೆ ಎರಡು ಪುಟ ಬೇಕಾದರೂ ಬರೆದುಕೊಡುತ್ತೇನೆ.

ನಿಮ್ಮ ವಿದ್ಯಾರ್ಥಿನಿ
ಸಪನಾ


ಭಾಲ್ಕಿ
೪ ಮಾರ್ಚ್ ೨೦೨೪

ಚಿ. ಸಪನಾಗೆ,

ನಿನ್ನ ಅಣ್ಣನೇ ಸೋಡಿಯಂ ಆಗಿದ್ದ ಎಂದು ಓದಿ ಎದ್ದು ಕೂತೆ. ನೋಡು, ಒಂದೇ ಮನೆಯಿಂದ ಒಬ್ಬಳು ಕೆಮಿಸ್ಟ್ರಿ ಮೇಡಂ, ಒಬ್ಬ ಸೋಡಿಯಂ. ಪಾಠಕ್ಕೆ ಇನ್ನೂ ಕಳೆ ಬಂತು. ಸನ್ಮಾನದ ದಿನ ಅವನನ್ನೂ ಕರೆದುಕೊಂಡು ಬಾ. ವೇದಿಕೆಯ ಮೇಲೆ ಮೂರು ಸುತ್ತು ಎಳೆದು ಹಳೆಯ ಹುಡುಗರನ್ನೆಲ್ಲ ಮತ್ತೆ ನಿಲ್ಲಿಸೋಣ ಎಂದು ಶಿವಕಾಂತನಿಗೆ ಹೇಳಿದೆ. ಅವನೂ ಖುಷಿಯಾದ. ಈಗ ಹೊಟ್ಟೆ ಬಂದಿದೆ, ಮೊದಲ ಸುತ್ತಿನಲ್ಲಿ ಹಿಡಿಸುತ್ತಾನೋ ಇಲ್ಲವೋ.

ಕುಣಾಲ ಸಾಲಿ ಬಿಟ್ಟದ್ದು ನೆನಪಿದೆ. ಓಟದಲ್ಲಿ ಮುಂದಿದ್ದ. ನಿಮ್ಮ ಕಡೆ ಹುಡುಗರನ್ನು ಬೇಗ ದುಡಿಯಲು ಹಚ್ಚುವುದು ಆಗ ರೂಢಿ, ಏನು ಮಾಡುವುದು. ಅವನಿಗೆ ಬೇಸರವಾಗಿದ್ದರೆ ಹೇಳು, ಸೋಡಿಯಂ ನನ್ನ ಪಾಠದ ಹೀರೋ. ಅವನು ಕ್ಲೋರಿನ್ ಕಡೆ ಹೋಗದಿದ್ದರೆ ಉಪ್ಪೇ ಇಲ್ಲ.

ನಿನ್ನ ಮಾತಿಗೆ ಬೆಲೆ ಕೊಟ್ಟು ಎರಡು ತಿದ್ದುಪಡಿ ಮಾಡಿದ್ದೇನೆ. ‘ಕೇರಿಯ ಕಡೆಗೆ’ ಎಂಬುದನ್ನು ತೆಗೆದು ‘ಊರ ಹೊರಗೆ’ ಎಂದು ಹಾಕಿದೆ. ಎಲ್ಲ ಎಲೆಕ್ಟ್ರಾನುಗಳ ರಾಶಿ ಒಂದೇ ಎಂದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿಸುತ್ತೇನೆ. ಇಷ್ಟಕ್ಕೆ ಸಮಾಧಾನ ಮಾಡಿಕೋ.

ಪಾಠ ಬಿಡು ಎಂದು ಮಾತ್ರ ಹೇಳಬೇಡ. ಮೂವತ್ತಾರು ವರ್ಷ ಕಲಿಸಿದ್ದರಲ್ಲಿ ಇದು ನನ್ನ ಸ್ವಂತದ್ದು, ಉಳಿದದ್ದೆಲ್ಲ ಪುಸ್ತಕದ್ದು. ನಿನಗಾಗಿ ಮಳೆಯಲ್ಲಿ ಹಳ್ಳ ದಾಟಿದವನು ಒಂದು ಪುಟ ಕೇಳುತ್ತಿದ್ದೇನೆ, ಅಷ್ಟೆ.

ಮನ್ಮಥಪ್ಪ


ಔರಾದ
೨೫ ಮಾರ್ಚ್ ೨೦೨೪

ಸರ್, ನಮಸ್ಕಾರ.

ಮೂರು ಸಲ ಬರೆದು ಹರಿದು ಹಾಕಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಉದ್ದವಾಗುತ್ತದೆ. ನಿಧಾನವಾಗಿ ಓದಿರಿ.

ನೀವು ಪಾಠ ಮಾಡಿದ ಮರುದಿನ ಸಾಲಿಯ ಗೇಟಿನಲ್ಲಿ ಹುಡುಗರು ಅಣ್ಣನನ್ನು "ಏ ನಗಣ್ಯಾ" ಎಂದು ಕರೆದರು. ಅವನು ನಕ್ಕ. ನಾನೂ ನಕ್ಕೆ. ಬಾಯಿಗೆ ಹೊಸ ಶಬ್ದ ಸಿಕ್ಕ ಖುಷಿ ಎಲ್ಲರಿಗೂ. ವಾರದಲ್ಲಿ ಅದು ಸಾಲಿ ದಾಟಿ ಊರಿಗೆ ಹೋಯಿತು.

ಅದೇ ತಿಂಗಳು ಪಾಟೀಲರ ಕಣದಲ್ಲಿ ಬಿಳಿಜೋಳದ ರಾಶಿ ನಡೆದಿತ್ತು. ಅಪ್ಪ ಅಲ್ಲಿ ದುಡಿಯುತ್ತಿದ್ದ, ರಜೆಯ ದಿನ ಅಣ್ಣನೂ ಹೋಗುತ್ತಿದ್ದ. ರಾಶಿ ಮುಗಿದ ದಿನ ದುಡಿದವರೆಲ್ಲರ ಬುಟ್ಟಿಗೆ ಮೊರದಿಂದ ಕಾಳು ಹಾಕುತ್ತಾರೆ, ನಿಮಗೆ ಗೊತ್ತು. ಆ ದಿನ ಮೊರ ಶಿವಕಾಂತನ ಕೈಯಲ್ಲಿತ್ತು. ಅಪ್ಪನ ಬುಟ್ಟಿಗೆ ಹಾಕಿದ. ಅಣ್ಣ ಟವೆಲ್ಲು ಹಾಸಿ ಹಿಡಿದ. ಶಿವಕಾಂತ ಮೊರ ಕೆಳಗಿಟ್ಟು, ಎರಡು ಬೆರಳಿನಿಂದ ಒಂದು ಕಾಳು ಎತ್ತಿ ಅವನ ಅಂಗೈಯಲ್ಲಿ ಇಟ್ಟ. "ನಗಣ್ಯಗ ರಾಶ್ಯಾಗ ಲೆಕ್ಕ ಇಲ್ಲ. ನಾ ಹೇಳಿದ್ದಲ್ಲಪಾ, ಸರ್ ಹೇಳ್ಯಾರ."

ಕಣದವರೆಲ್ಲ ನಕ್ಕರು. ನಮ್ಮಪ್ಪನಿಗೆ ಆ ಶಬ್ದದ ಅರ್ಥ ಗೊತ್ತಿರಲಿಲ್ಲ. ಎಲ್ಲರೂ ನಕ್ಕರೆಂದು ಅವನೂ ನಕ್ಕ.

ಅಣ್ಣ ಸಾಲಿ ಬಿಟ್ಟದ್ದು ಆ ಸೋಮವಾರ. ದುಡಿಯಲು ಯಾರೂ ಹಚ್ಚಲಿಲ್ಲ, ಸರ್. ಅಪ್ಪ ಅವನನ್ನು ಹೊಡೆದು ಸಾಲಿಯವರೆಗೆ ಎಳೆದುಕೊಂಡು ಬಂದಿದ್ದ. ಗೇಟಿನಲ್ಲಿ ಯಾರೋ ಆ ಹೆಸರು ಕೂಗಿದರು, ಅಣ್ಣ ಕೈ ಬಿಡಿಸಿಕೊಂಡು ಓಡಿದ. ಓಟದಲ್ಲಿ ಮುಂದಿದ್ದ ಎಂದಿರಲ್ಲ, ಹೌದು.

ಈಗ ಅವನು ಬೀದರದ ಕೊಳಾರದಲ್ಲಿ ಒಂದು ಗೋದಾಮಿನಲ್ಲಿ ಲಾರಿಗೆ ಚೀಲ ಹೇರುತ್ತಾನೆ. ನಮ್ಮೂರಿನವನೊಬ್ಬ ಅಲ್ಲಿ ಕೆಲಸಕ್ಕೆ ಸೇರಿದ, ಹೆಸರೂ ಅವನ ಹಿಂದೆ ಬಂತು. ಗೋದಾಮಿನಲ್ಲಿ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಮುಜೀಬೋದ್ದೀನ ಸಾಬರಿಗೆ ಕನ್ನಡ ಅಷ್ಟಕ್ಕಷ್ಟೇ. ಅದು ಅಣ್ಣನ ಮನೆತನದ ಹೆಸರು ಎಂದು ತಿಳಿದು ಮರ್ಯಾದೆಯಿಂದ "ನಗಣ್ಯಾ ಭಾಯಿ" ಎನ್ನುತ್ತಾರೆ. ಅಣ್ಣ ಓ ಎನ್ನುತ್ತಾನೆ. "ಯಾಕ ಓ ಅಂತಿ?" ಎಂದು ಒಮ್ಮೆ ಜಗಳ ತೆಗೆದೆ. "ಹೆಸರು ಯಾವುದಾದ್ರೇನ್, ಕರದ್ರ ಹೋಗೋದದ," ಎಂದ.

ಅವನಿಗೆ ಒಬ್ಬಳೇ ಮಗಳು, ಯಶೋಧರಾ. ಚಿಕ್ಕವಳಿದ್ದಾಗ ಕೇಳಿದಳು, "ಪಪ್ಪಾ, ನಿನಗ್ಯಾಕ ಎರಡು ಹೆಸರು?" ಅಣ್ಣ ಹೇಳಿದ್ದು ನಾನು ಕಿವಿಯಾರೆ ಕೇಳಿದ್ದೇನೆ: "ಇನ್ನೊಂದು ನಮ್ಮ ಸಾಲಿ ಸರ್ ಪ್ರೀತೀಲೆ ಇಟ್ಟ ಹೆಸರವ್ವ." ಅವಳು ಅದನ್ನು ನಂಬಿ ಬೆಳೆದಿದ್ದಾಳೆ. ಜೂನಿಗೆ ಬೀದರದಲ್ಲೇ ಒಂಬತ್ತನೇ ಇಯತ್ತೆಗೆ ಹೋಗುತ್ತಾಳೆ. ಒಂಬತ್ತರಲ್ಲೇ ಪರಮಾಣುವಿನ ಪಾಠ ಬರುತ್ತದೆ. ನಿಮ್ಮ ಪುಸ್ತಕ ಜಿಲ್ಲೆಯ ಎಲ್ಲ ಮಾಸ್ತರರ ಕೈಗೆ ಹೋಗುತ್ತದೆ.

ಆ ಪಾಠದ ಒಂದು ಅಕ್ಷರವನ್ನೂ ನಾನು ಇಂದಿಗೂ ಮರೆತಿಲ್ಲ, ಮರೆಯಲು ನಮ್ಮೂರು ಬಿಡಲೂ ಇಲ್ಲ. ನೀವು ಕೇಡು ಬಯಸಿ ಮಾಡಿದಿರಿ ಎಂದು ನಾನು ಹೇಳುವುದಿಲ್ಲ. ನೀವು ಹಳ್ಳ ದಾಟಿ ಬಂದದ್ದೂ ನಿಜ. ಆದರೆ ಅಣ್ಣ ಸಾಲಿ ಬಿಟ್ಟಾಗ ಬರಲಿಲ್ಲ ಎಂಬುದೂ ನಿಜ. ಎರಡನ್ನೂ ಇಟ್ಟುಕೊಂಡು ನಾನು ಇಷ್ಟು ವರ್ಷ ಬದುಕಿದ್ದೇನೆ.

ಒಂದೇ ಕೇಳುತ್ತೇನೆ. ಸುತ್ತುಗಳನ್ನು ಬೇಕಾದರೆ ಇಟ್ಟುಕೊಳ್ಳಿರಿ. ಅಂಗೈಯ ಕಾಳು ಮತ್ತು ಆ ಶಬ್ದ ಕೂಗಿಸುವುದನ್ನು ತೆಗೆಯಿರಿ. ಒಂದು ಹುಡುಗಿ ತನ್ನಪ್ಪನ ಹೆಸರಿನ ಅರ್ಥವನ್ನು ಕ್ಲಾಸಿನಲ್ಲಿ ಐವತ್ತು ಮಕ್ಕಳ ಬಾಯಿಂದ ಕೇಳುವುದು ಬೇಡ.

ಸಪನಾ


ಭಾಲ್ಕಿ
೧೦ ಜೂನ್ ೨೦೨೪

ಚಿ. ಸಪನಾಗೆ ಶರಣು ಶರಣಾರ್ಥಿ.

ಸನ್ಮಾನಕ್ಕೆ ನೀನು ಬರಲಿಲ್ಲ. ಎರಡು ಕುರ್ಚಿ ನಿನಗೂ ಕುಣಾಲನಿಗೂ ಎಂದು ಹಿಡಿಸಿದ್ದೆ. ಕಡೆಗೆ ಬ್ಯಾಂಡಿನವರು ಕೂತರು. ಸಭೆ ಬಹಳ ಚೆನ್ನಾಗಿ ಆಯಿತು. ಶಿರಾ, ಪೂರಿ, ಬದನೆಕಾಯಿ ಪಲ್ಯ. ಸಾಯಗಾಂವದಿಂದ ಒಂದು ಟ್ರ್ಯಾಕ್ಟರ್ ಹುಡುಗರು ಬಂದಿದ್ದರು. ವೇದಿಕೆಯ ಮೇಲೆ ಸುತ್ತು ಎಳೆಯುವುದು ಆಗಲಿಲ್ಲ, ಹೊಸ ಕಾರ್ಪೆಟ್ಟು ಎಂದು ಸಭಾಭವನದವರು ಬಿಡಲಿಲ್ಲ.

ನಿನ್ನ ಪತ್ರ ಎರಡು ಸಲ ಓದಿದೆ. ಶಿವಕಾಂತನೂ ಓದಿದ. ಕಣದಲ್ಲಿ ಅಂಥದ್ದೇನಾದರೂ ನಡೆದ ನೆನಪು ಅವನಿಗಿಲ್ಲವಂತೆ. ನಡೆದಿದ್ದರೂ ಹುಡುಗರ ಚೇಷ್ಟೆ. ಮಕ್ಕಳು ಯಾರಿಗೆ ಹೆಸರಿಡುವುದಿಲ್ಲ ಹೇಳು? ನನಗೆ ‘ಬೋಂಡಾ ಮಾಸ್ತರ’ ಎನ್ನುತ್ತಿದ್ದಿರಿ, ನನಗೆ ಗೊತ್ತಿಲ್ಲವೆಂದು ತಿಳಿದಿದ್ದಿರೇನು? ನಾನು ಸಾಲಿ ಬಿಟ್ಟೆನೇ? ದೊಡ್ಡವಳಾಗಿ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು.

‘ನಗಣ್ಯ’ ಪಠ್ಯಪುಸ್ತಕದ್ದೇ ಶಬ್ದ. ನಾನು ತೆಗೆದರೂ ಅಲ್ಲಿ ಇದ್ದೇ ಇರುತ್ತದೆ. ಹೀಗಾಗಿ ಇಟ್ಟೆವು.

ಪುಸ್ತಕ ಈ ಲಕೋಟೆಯಲ್ಲೇ ಇದೆ. ಹಿಂಬದಿ ನೋಡು, ನಿನ್ನ ಹೆಸರು ನನ್ನ ಫೋಟೊದ ಕೆಳಗೇ ಬಂದಿದೆ. ಪೂರಾ ಪತ್ರಕ್ಕೆ ಜಾಗ ಸಾಲದೆಂದು ಶಿವಕಾಂತ ಅದರೊಳಗಿನ ಒಂದು ಒಳ್ಳೆಯ ಮಾತು ಆರಿಸಿದ: ‘ಆ ಪಾಠದ ಒಂದು ಅಕ್ಷರವನ್ನೂ ನಾನು ಇಂದಿಗೂ ಮರೆತಿಲ್ಲ. — ಸಪನಾ, ರಸಾಯನಶಾಸ್ತ್ರ ಉಪನ್ಯಾಸಕಿ, ಔರಾದ.’ ಸುಳ್ಳೇನೂ ಸೇರಿಸಿಲ್ಲ, ನೀನೇ ಬರೆದದ್ದು. ಓದಿದವರೆಲ್ಲ ಇಂಥ ಶಿಷ್ಯೆ ಸಿಗಬೇಕು ಎನ್ನುತ್ತಿದ್ದಾರೆ.

ಭಾಗೀರಥಿಬಾಯಿಗೆ ಪುಸ್ತಕ ತೋರಿಸು.

ಮನ್ಮಥಪ್ಪ


ಔರಾದ
೧ ಜುಲೈ ೨೦೨೪

ಸರ್,
ಪುಸ್ತಕ ತಲುಪಿದೆ.
ಸಪನಾ


ಭಾಲ್ಕಿ
೫ ಸೆಪ್ಟೆಂಬರ್ ೨೦೨೪

ಚಿ. ಸಪನಾಗೆ ಶಿಕ್ಷಕರ ದಿನದ ಶುಭಾಶಯ. ನೀನೂ ಈಗ ನಮ್ಮ ಕುಲದವಳೇ.

ನಿನ್ನ ಕಾರ್ಡು ಬಂದಿತ್ತು. ಎರಡೇ ಶಬ್ದ. ಕಾಲೇಜು ಶುರುವಾಗಿ ಕೆಲಸ ಹೆಚ್ಚಿರಬೇಕು. ನನಗೋ ಕೆಲಸವೇ ಇಲ್ಲ. ಬೆಳಿಗ್ಗೆ ಸ್ಟೇಶನ್ನಿಗೆ ನಡೆದು ಹೋಗುತ್ತೇನೆ, ರೈಲು ನೋಡುತ್ತೇನೆ, ಬರುತ್ತೇನೆ. ಮನೆಯವಳು ಮೆಂತ್ಯೆ ಸೊಪ್ಪು ಬಿಡಿಸಲು ಕೊಡುತ್ತಾಳೆ. ಇಂಥ ದಿನಗಳಲ್ಲಿ ಪುಸ್ತಕದ ಮಾತು ಬಂದರೆ ಜೀವ ಬಂದಂತಾಗುತ್ತದೆ.

ಅದಕ್ಕೇ ಈ ಪತ್ರ. ಬೀದರದ ಒಂದು ಹೈಸ್ಕೂಲಿನಿಂದ ಒಬ್ಬ ಮಾಸ್ತರರು ಬರೆದಿದ್ದಾರೆ. ಪಾಠವನ್ನು ನಾನು ಬರೆದಂತೆಯೇ ಮೈದಾನದಲ್ಲಿ ಮಾಡಿಸಿದರಂತೆ. ಜೋಳ ಸಿಗದೆ ಗೋದಿಯ ಚೀಲ ಇಟ್ಟರಂತೆ, ಇರಲಿ. "ರಾಶಿಯಲ್ಲಿ ಇದು ಲೆಕ್ಕಕ್ಕುಂಟೋ?" ಎಂದು ಕೇಳಿದರು, ಮಕ್ಕಳು "ನಗಣ್ಯ" ಎಂದು ಕೂಗಿದವು. ಆಗ ಒಂದು ಹುಡುಗಿ ಎದ್ದು ನಿಂತು, ಮುಖ ಅರಳಿಸಿಕೊಂಡು ಹೇಳಿತಂತೆ, "ಸರ್, ನಗಣ್ಯ ನಮ್ಮ ಪಪ್ಪಾನ ಹೆಸರದ್ರಿ." ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತಂತೆ. ಮಾಸ್ತರರಿಗೂ ನಗು ತಡೆಯಲಾಗಲಿಲ್ಲವಂತೆ. ಆಮೇಲೆ ಶಬ್ದದ ಅರ್ಥ ಬಿಡಿಸಿ ಹೇಳಿದರು, ಹುಡುಗಿ ಕೂತುಕೊಂಡಿತು.

ಮಕ್ಕಳ ಮುಗ್ಧತೆ ನೋಡು. ಇದನ್ನು ಓದಿ ಹೇಳಿದರೆ ನಮ್ಮ ಮನೆಯವಳೂ ನಕ್ಕಳು, ಅವಳನ್ನು ನಗಿಸುವುದು ಸುಲಭವಲ್ಲ. ಪುಸ್ತಕ ಮುಗಿದಿದೆ, ಎರಡನೇ ಸಲ ಅಚ್ಚು ಹಾಕಿಸೋಣ ಎಂದು ಶಿವಕಾಂತ ಅನ್ನುತ್ತಿದ್ದಾನೆ. ಈ ಹುಡುಗಿಯ ಮಾತನ್ನು ಪಾಠದ ಕೆಳಗೆ ಚೌಕದಲ್ಲಿ ಹಾಕಿಸುತ್ತೇನೆ. ನೀನೂ ಈ ಸಲ ಎರಡು ಹೊಸ ಮಾತು ಬರೆದು ಕಳಿಸು.

ಮನ್ಮಥಪ್ಪ


ಔರಾದ
೨೩ ಸೆಪ್ಟೆಂಬರ್ ೨೦೨೪

ಮನ್ಮಥಪ್ಪ ಸರ್ ಅವರಿಗೆ,
ಜೈಭೀಮ.

ಆ ಹುಡುಗಿಯ ಹೆಸರು ಯಶೋಧರಾ. ಅವಳು ಯಾರ ಮಗಳು ಎಂದು ನಿಮಗೆ ಹೊಳೆಯಲಿಲ್ಲವೆಂದರೆ, ನನ್ನ ಮಾರ್ಚಿನ ಪತ್ರವನ್ನು ನೀವು ಎರಡು ಸಲ ಓದಿಲ್ಲ. ಇಲ್ಲವೇ, ಎರಡು ಸಲ ಓದಿಯೂ ಅದು ನಿಮ್ಮ ಲೆಕ್ಕಕ್ಕೆ ಬರಲಿಲ್ಲ.

ಅವಳೇಕೆ ಎದ್ದು ನಿಂತಳು ಗೊತ್ತೇ? ಮಾಸ್ತರರ ಕೈಯಲ್ಲಿದ್ದ ಪುಸ್ತಕದ ಹಿಂಬದಿಯಲ್ಲಿ ನನ್ನ ಹೆಸರು ಕಂಡಿತ್ತು. ಅತ್ತೆಯ ಹೆಸರು ಇರುವ ಪುಸ್ತಕದಲ್ಲಿ ಪಪ್ಪನ ಹೆಸರೂ ಇದೆ, ಅದನ್ನು ಎಲ್ಲರೂ ಕೂಗುತ್ತಿದ್ದಾರೆ ಎಂದು ತಿಳಿದಳು. ನೀವು ಆರಿಸಿದ ನನ್ನ ಆ ಅರ್ಧ ವಾಕ್ಯವೇ ಅವಳನ್ನು ಎಬ್ಬಿಸಿ ನಿಲ್ಲಿಸಿತು.

ಮನೆಗೆ ಬಂದು ಅವಳು ಯಾರಿಗೂ ಏನೂ ಹೇಳಲಿಲ್ಲವಂತೆ. ಅತ್ತಿಗೆಗೂ ಅಣ್ಣನಿಗೂ ಗೊತ್ತಾಗಲಿಲ್ಲ. ನಿಮ್ಮ ಪತ್ರ ಬಂದಾಗ ನನಗೆ ಗೊತ್ತಾಯಿತು. ಆ ಭಾನುವಾರ ಬಸ್ಸು ಹತ್ತಿ ಬೀದರಕ್ಕೆ ಹೋದೆ. ಏಕೆ ಎದ್ದು ನಿಂತಳೆಂಬುದನ್ನು ಅವಳು ನನ್ನೊಬ್ಬಳಿಗೆ ಆಗ ಹೇಳಿದಳು.

ಊಟಕ್ಕೆ ಕೂತಿದ್ದೆವು. ಹೊರಗೆ ಮುಜೀಬೋದ್ದೀನ ಸಾಬರ ದನಿ ಕೇಳಿತು. ಒಮ್ಮೆಲೆ ಲಾರಿ ಬಂದರೆ ರಜೆಯ ದಿನವೂ ಕರೆಯಲು ಬರುತ್ತಾರೆ. "ನಗಣ್ಯಾ ಭಾಯಿ, ಘರ್ ಮೆ ಹೈ ಕ್ಯಾ?" ಎಂದರು. ಅಣ್ಣ ಓ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಯಶೋಧರಾ ಎದ್ದು ಹೋಗಿ ಬಾಗಿಲಲ್ಲಿ ನಿಂತಳು.

"ಆ ಹೆಸರಿನವರು ಈ ಮನಿಯಾಗ ಯಾರೂ ಇಲ್ರಿ," ಎಂದಳು.

"ಅರೆ ಬೇಟಿ, ತುಮಾರೆ ಪಪ್ಪಾ," ಎಂದು ಆ ಮನುಷ್ಯ ನಕ್ಕರು.

"ಯಾರೂ ಇಲ್ಲಂತ ಹೇಳಿದ್ನಲ್ರಿ," ಎಂದು ಬಾಗಿಲು ಹಾಕಿ ಬಂದು ಕೂತಳು.

ಅಣ್ಣ ತಾಟಿನಲ್ಲಿ ಕೈಯಿಟ್ಟುಕೊಂಡೇ ಕೂತಿದ್ದ. ಅವಳ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಪಾಪ, ಸಾಬರು ಬಿಸಲಾಗ ಬಂದಿದ್ರು," ಎಂದ. ಅವಳು, "ನನಗ ಪ್ರೀತೀಲೆ ಇಟ್ಟ ಹೆಸರಂತ ಹೇಳಿದ್ದಿ," ಎಂದಳು. ಅಪ್ಪ ಮಗಳ ನಡುವೆ ಅಷ್ಟೇ ಮಾತು. ಅಂದಿನಿಂದ ಅವಳು ಅವನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ ಎಂದು ಅತ್ತಿಗೆ ಹೇಳುತ್ತಾಳೆ. ಕಾಳು ಇಟ್ಟವರ ಮೇಲಲ್ಲ, ಸರ್, ಕೈ ಚಾಚಿದವನ ಮೇಲೆ ಸಿಟ್ಟು.

ನಾನು ನಿಮ್ಮಿಂದ ಏನೂ ಕೇಳುವುದು ಉಳಿದಿಲ್ಲ. ಅವ್ವ ಚಹಾದ ಕಥೆ ಹೇಳುತ್ತಲೇ ಇರುತ್ತಾಳೆ, ನಾನು ತಡೆಯುವುದಿಲ್ಲ.

ಎರಡನೇ ಅಚ್ಚಿಗೆ ಹುಡುಗಿಯ ಮಾತು ಬೇಕು ಎಂದಿರಿ. ಅವಳ ಮಾತು ಇದು: ‘ಆ ಹೆಸರಿನವರು ಈ ಮನಿಯಾಗ ಯಾರೂ ಇಲ್ರಿ.’ ಚಿಕ್ಕದಿದೆ, ಚೌಕದಲ್ಲಿ ಹಿಡಿಸುತ್ತದೆ. ಶಿವಕಾಂತ ಕತ್ತರಿಸಬೇಕಾಗಿಲ್ಲ.

ಕುಣಾಲನ ತಂಗಿ
ಸಪನಾ